ಅಮೆರಿಕದ ಸ್ಯಾನ್ ಆಂಟೋನಿಯೊದಲ್ಲಿರುವ ಟೆಕ್ಸಾಸ್ ಬಯೋಮೆಡ್ ಎಂಬ ಕೋತಿ ಸಂಶೋಧನಾ ಸಂಸ್ಥೆಯಲ್ಲಿ ವೆಟ್ (ಪಶುವೈದ್ಯ) ಕೆಲಸ ಸಿಕ್ಕಿದೆ. ಲಾಭರಹಿತ ಸಂಸ್ಥೆ, ಸಂಬಳ ಕಡಿಮೆಯಾ? ಆಂಜನೇಯನ ಶಾಪ ತಟ್ಟುತ್ತೆ ಅಂತಾರೆ ಮನೆಯಲ್ಲಿ. ಹೋಗಲೇ?

ನಮ್ಮಜ್ಜಿಯೂ ಇದನ್ನೇ ಹೇಳಿದ್ದರು. ನಾನೂ ಬೆಂಗಳೂರಿನ ಹೆಬ್ಬಾಳದ ಪಶುವೈದ್ಯ ಕಾಲೇಜಿನಲ್ಲಿ ಓದಿದವಳು, ಅಮೆರಿಕದ ಬೇರೊಂದು ಕೇಂದ್ರದಲ್ಲಿ ರೀಸಸ್ ಕೋತಿಗಳ ಜೊತೆ ಕೆಲಸ ಮಾಡಿದೆ. ಶಾಪದ ಚಿಂತೆಯಲ್ಲೇ ಮುಳುಗಿ, ಕೇಳಬೇಕಾದ್ದನ್ನು ಕೇಳದೆ ಹೋದೆ.

ಪಂಜರ ಬದಲಿಸುವಾಗ ಒಂದು ಹೆಣ್ಣು ಕೋತಿ ಮಣಿಕಟ್ಟು ಪರಚಿತು. ರಕ್ತ ಸರಿಯಾಗಿ ಬರಲೂ ಇಲ್ಲ. ನಮ್ಮ ಕಡೆ ಗೊತ್ತಲ್ಲ, ಹಸು ಒದೆಯುತ್ತೆ, ನಾಯಿ ಪರಚುತ್ತೆ, ಡೆಟಾಲ್ ಹಚ್ಚಿ ಮುಂದಿನ ಕೇಸ್ ನೋಡ್ತೀವಿ. ಹಾಗೇ ಮಾಡಿದೆ. ಹೇಳಿದರೆ ಕೆಲಸ ಬಾರದವಳು ಅಂದುಕೊಳ್ಳುತ್ತಾರೆ, ವೀಸಾಕ್ಕೆ ಕುತ್ತು ಬರುತ್ತೆ ಅನ್ನೋ ಭಯ ಬೇರೆ.

ಆ ಜಾತಿಯ ಕೋತಿಗಳ ಎಂಜಲಲ್ಲಿ ಹರ್ಪಿಸ್ ಬಿ ವೈರಸ್ ಇರಬಹುದು. ಅವಕ್ಕೆ ಸಾಮಾನ್ಯವಾಗಿ ಬಾಯಿಹುಣ್ಣಷ್ಟೇ, ನಮಗೆ ಮೆದುಳಿಗೇ ಏರುತ್ತೆ. ಸೋಂಕು ತಗುಲಿ ಚಿಕಿತ್ಸೆ ಸಿಗದಿದ್ದರೆ ನೂರಕ್ಕೆ ಸುಮಾರು 70 ಜನ ಉಳಿಯೋದಿಲ್ಲ. 1997ರಲ್ಲಿ ಅಟ್ಲಾಂಟಾದಲ್ಲಿ ಎಲಿಜಬೆತ್ ಗ್ರಿಫಿನ್ ಎಂಬ 22ರ ಹುಡುಗಿ ಕೋತಿಯಿಂದ ಕಣ್ಣಿಗೆ ಸಿಡಿದ ಒಂದು ಹನಿಯಿಂದ ತೀರಿಕೊಂಡಳು. ಅದಕ್ಕೇ ಪರಚಿದ ಕೂಡಲೇ 15 ನಿಮಿಷ ಸೋಪು ನೀರಲ್ಲಿ ತೊಳೆಯಬೇಕು, ಆಗಲೇ ತಿಳಿಸಬೇಕು, ವೈದ್ಯರು ಹೇಳಿದರೆ ಅಂದೇ ವೈರಸ್ ತಡೆಯುವ ಮಾತ್ರೆ ಶುರು. ನಾನು ಬಾಯಿಬಿಟ್ಟದ್ದು ಮರುದಿನ ಸಂಜೆ. ಸೋಂಕು ತಗುಲಿರಲಿಲ್ಲ. ಆದರೆ ನನ್ನನ್ನು ಪ್ರಾಣಿಗಳ ಹತ್ತಿರ ಮತ್ತೆ ಬಿಡಲಿಲ್ಲ, ಒಪ್ಪಂದ ಮುಂದುವರಿಸಲಿಲ್ಲ. ಗಾಯಕ್ಕಲ್ಲ, ಮುಚ್ಚಿಟ್ಟದ್ದಕ್ಕೆ. ಅವರು ಮಾಡಿದ್ದು ಸರಿ.

ನೀವು ಹೇಳಿದ ಸ್ಯಾನ್ ಆಂಟೋನಿಯೊದ ಟೆಕ್ಸಾಸ್ ಬಯೋಮೆಡ್ ಹಳೆಯ ಸಂಸ್ಥೆ. 1941ರಲ್ಲಿ ಟಾಮ್ ಸ್ಲಿಕ್ ಕಟ್ಟಿದ್ದು. ಅಲ್ಲಿ ಬಬೂನ್ ಎಂಬ ಆಫ್ರಿಕಾದ ದೊಡ್ಡ ಕೋತಿಗಳು ಬಹಳ, ರೀಸಸ್ ಕೂಡ ಇವೆ. ಬಿ ವೈರಸ್ ಸಹಜವಾಗಿ ಇರುವುದು ರೀಸಸ್ ಬಳಗದಲ್ಲಿ, ಹಾಗಾಗಿ ನಿಮ್ಮ ಪಾಲಿಗೆ ಯಾವ ಕೋತಿ ಅಂತ ಮೊದಲು ಕೇಳಿ. ಲಾಭರಹಿತ ಸಂಸ್ಥೆ, ಸಂಬಳ ಕಡಿಮೆಯಾ ಅಂತಲೂ ಕೇಳಿದ್ದೀರಿ. ಅದಕ್ಕಿಂತ ನಿಮ್ಮ ಹುದ್ದೆಗೆ ಅನುದಾನ ಎಲ್ಲಿವರೆಗಿದೆ ಅನ್ನೋದು ಮುಖ್ಯ.

ಶಾಪದ ಪ್ರಶ್ನೆಯನ್ನೇ ನಾನು ಒಪ್ಪಲ್ಲ. ಫೈಜರ್ ಕೋವಿಡ್ ಲಸಿಕೆಯನ್ನು 2020ರಲ್ಲಿ ರೀಸಸ್ ಕೋತಿಗಳ ಮೇಲೆ ಪರೀಕ್ಷಿಸಿದ್ದರಲ್ಲಿ ಈ ಸಂಸ್ಥೆಯ ಪಾಲೂ ಇದೆ. ಅದರಿಂದ ಆ ಕೋತಿಗಳ ನೋವು ಸುಳ್ಳಾಗಲ್ಲ. ಆದರೆ ನೀವು ಹೋಗದಿದ್ದ ಮಾತ್ರಕ್ಕೆ ಒಂದು ಕೋತಿಯೂ ಕಾಡಿಗೆ ಮರಳಲ್ಲ. ನೋವಿಗೆ ಮದ್ದು ಹೊತ್ತಿಗೆ ಸರಿಯಾಗಿ ಸಿಕ್ಕಿತಾ, ಒಂಟಿಯಾಗಿರೋದಕ್ಕೆ ಜೊತೆ ಸಿಕ್ಕಿತಾ ಅಂತ ನೋಡೋದು ವೆಟ್ ಕೆಲಸ. ಅದನ್ನು ಮನಸ್ಸಿಟ್ಟು ಮಾಡೋರು ಅಲ್ಲಿರಬೇಕು.

ಸಹಿ ಹಾಕೋ ಮುಂಚೆ ಅಲ್ಲಿನ ಸಿಬ್ಬಂದಿ ಆರೋಗ್ಯ ವಿಭಾಗದವರ ಜೊತೆ ಮಾತಾಡಿ. ರಾತ್ರಿ ಪರಚಿದರೆ ಯಾರಿಗೆ ಫೋನ್ ಮಾಡಬೇಕು, ಮಾತ್ರೆ ಎಷ್ಟು ಹೊತ್ತಿಗೆ ಕೈಗೆ ಸಿಗುತ್ತೆ ಅಂತ ಕೇಳಿ. ತಡವರಿಸದೆ ಉತ್ತರ ಕೊಟ್ಟರೆ ಹೋಗಿ.