ಹಳೇ ಅಡುಗೆ ಪುಸ್ತಕದ ‘ಫ್ಲವರ್’ ಯಾವ ಹೂವು?

ನಮಸ್ಕಾರ. 18ನೇ ಶತಮಾನದ ಇಂಗ್ಲಿಷ್ ಅಡುಗೆ ಪುಸ್ತಕದಲ್ಲಿ ಕೇಕಿಗೆ ‘ಎರಡು ಪೌಂಡ್ ಫ್ಲವರ್’ ಹಾಕಿ ಅಂತಿದೆ, ಅದು ಯಾವ ಹೂವು ಅಂತ ಕೇಳಿದ್ದೀರಿ. ಅದು ಹೂವಲ್ಲ, ಗೋಧಿ ಹಿಟ್ಟು.

ಆಗ ಇಂಗ್ಲಿಷಿನಲ್ಲಿ ಹೂವು, ಹಿಟ್ಟು ಎರಡಕ್ಕೂ ಒಂದೇ ಪದ ಇತ್ತು, ಫ್ರೆಂಚಿನಿಂದ ಬಂದದ್ದು. ಬೀಸಿದ ಧಾನ್ಯವನ್ನು ಜರಡಿ ಹಿಡಿದಾಗ ಸಿಗುವ ನುಣ್ಣನೆಯ, ಒಳ್ಳೆಯ ಭಾಗವನ್ನು ಫ್ರೆಂಚರು ‘ಹಿಟ್ಟಿನ ಹೂವು’ ಎನ್ನುತ್ತಿದ್ದರು. ಇಂಗ್ಲಿಷಿನಲ್ಲಿ ‘ಹೂವು’ ಮಾತ್ರ ಉಳಿಯಿತು. ಡಬ್ಲ್ಯೂ ಇರುವ ಸ್ಪೆಲ್ಲಿಂಗ್ (flower) ಹೂವಿಗೆ, ಯು ಇರುವುದು (flour) ಹಿಟ್ಟಿಗೆ ಅನ್ನುವ ಕಟ್ಟುನಿಟ್ಟು ಆಗಿನ್ನೂ ಇರಲಿಲ್ಲ. 1755ರ ಸ್ಯಾಮ್ಯುಯೆಲ್ ಜಾನ್ಸನ್ ನಿಘಂಟು ಕೂಡ ಇವೆರಡನ್ನು ಬೇರೆ ಮಾಡಿಲ್ಲ. ಈಗಿನ ವ್ಯತ್ಯಾಸ ಗಟ್ಟಿಯಾಗಿದ್ದು 19ನೇ ಶತಮಾನದಲ್ಲಿ.

ಓದುವಾಗ ಸುತ್ತಲಿನ ಪದಗಳನ್ನು ನೋಡಿ. ಪೌಂಡು, ಚಮಚದ ಲೆಕ್ಕ, ಜೊತೆಗೆ ಬೆಣ್ಣೆ, ಮೊಟ್ಟೆ, ಯೀಸ್ಟ್ ಇದ್ದರೆ ಸಾಮಾನ್ಯವಾಗಿ ಹಿಟ್ಟೇ. ‘ಆರೆಂಜ್ ಫ್ಲವರ್ ವಾಟರ್’ ಅಂತಿದ್ದರೆ ಮಾತ್ರ ನಿಜವಾದ ಕಿತ್ತಳೆ ಹೂವಿನ ನೀರು, ಅದನ್ನು ಹಿಟ್ಟಿನ ನೀರು ಅಂದುಕೊಳ್ಳಬೇಡಿ. ಇನ್ನೊಂದು ಮುಖ್ಯ ವಿಷಯ: ಅದೇ ಪುಸ್ತಕಗಳಲ್ಲಿ ಮನೆಮದ್ದೂ ಇರುತ್ತದೆ. ಅಲ್ಲಿ ‘ಫ್ಲವರ್ಸ್ ಆಫ್ ಬ್ರಿಮ್‌ಸ್ಟೋನ್’ ಕಂಡರೆ ಹೂವೂ ಅಲ್ಲ, ಹಿಟ್ಟೂ ಅಲ್ಲ, ಗಂಧಕದ ಪುಡಿ!

ಅದೇ ಪುಸ್ತಕದಲ್ಲಿ ನೀವು ‘ಫುಗರ್’ ಅಂತ ಓದಿದ್ದು ‘ಶುಗರ್’ (sugar), ಅಂದರೆ ಸಕ್ಕರೆಯೇ. ಆಗಿನ ಉದ್ದನೆಯ ಎಸ್ ಅಕ್ಷರ ಎಫ್ ತರಹ ಕಾಣುತ್ತದೆ, ಆದರೆ ಅಡ್ಡಗೀಟು ಪೂರ್ತಿ ಇರುವುದಿಲ್ಲ. ಪುಟವನ್ನು ದೊಡ್ಡದು ಮಾಡಿ ನೋಡಿ, ಗೊತ್ತಾಗುತ್ತದೆ.