ರಾಯಚೂರು ಕಡೆಯ ಮಾತಿಟ್ಟುಕೊಂಡು ಆಕಾಶವಾಣಿಯಲ್ಲಿ ಉದ್ಘೋಷಕ ಆಗಬಹುದಾ? ಮೊದಲು ಉಚ್ಚಾರಣೆ ಕೋರ್ಸ್ ಮಾಡಲಾ?

ಕೋರ್ಸ್ ಬೇಡ. ಅದರ ಫೀಸಿಗೆ ಅಂತ ಇಟ್ಟ ಮೂವತ್ತು ಸಾವಿರ ನಿಮ್ಮ ಹತ್ತಿರವೇ ಇರಲಿ.

"ಡಿಗ್ರಿ ಮುಗಿಯಿತು, ಆಕಾಶವಾಣಿ ಸೇರುವ ಆಸೆ, ಆದರೆ ನನಗೆ ಮಹಾಪ್ರಾಣ ಬರುವುದಿಲ್ಲ, ಬಾಯಿ ಬಿಟ್ಟರೆ ರಾಯಚೂರು, ಬೆಂಗಳೂರಿಗೆ ಹೋಗಿ ತಿದ್ದಿಕೊಂಡು ಬರಲಾ" ಅಂತ ಬರೆದಿದ್ದೀರಿ. ಓದಿ ನಗು ಬಂತು, ಕರುಳೂ ಚುರ್ ಅಂತು. 1996ರಲ್ಲಿ ನನಗೂ ಇದೇ ಭಯ ಇತ್ತು. ಅದರಿಂದ ಏನಾಯಿತು ಅಂತ ಹೇಳುತ್ತೇನೆ ಕೇಳಿ.

ನಮ್ಮೂರು ಕಾರಟಗಿ ಹತ್ತಿರ. ಆಗಿನ್ನೂ ಅದು ರಾಯಚೂರು ಜಿಲ್ಲೆ. ಕೊಪ್ಪಳ ಬೇರೆ ಜಿಲ್ಲೆ ಆದದ್ದು 1997ರಲ್ಲಿ. ಮನೆಯಲ್ಲಿ ಅಜ್ಜನ ರೇಡಿಯೋ ಇತ್ತು. ಕಂದು ಬಣ್ಣದ ಚರ್ಮದ ಚೀಲ, ಸ್ಪೀಕರ್ ಇರುವ ಕಡೆ ಸಾಲಾಗಿ ತೂತು. ಸೆಲ್ಲು ಇಳಿದರೆ ಅಜ್ಜ ಅವನ್ನು ಮಾಳಿಗೆ ಮೇಲೆ ಬಿಸಿಲಿಗೆ ಇಡುತ್ತಿದ್ದ. ಇನ್ನೆರಡು ದಿನ ಎಳೆಯುತ್ತಿದ್ದವು. ಬೆಳಗ್ಗೆ ಧಾರವಾಡ ಹಿಡಿಯುತ್ತಿತ್ತು, ಮೀಡಿಯಂ ವೇವ್ 765. ಗೋಡೆ ಗಡಿಯಾರವನ್ನು ಯಾರೂ ನೋಡುತ್ತಿರಲಿಲ್ಲ. 6:55ಕ್ಕೆ ಸಂಸ್ಕೃತ ವಾರ್ತೆ ಶುರುವಾಯಿತೆಂದರೆ ಎಮ್ಮೆ ಹಿಂಡಿ ಆಗಿರಬೇಕು. 7:35ರ ದೆಹಲಿ ಕನ್ನಡ ವಾರ್ತೆ ಮುಗಿಯಿತೆಂದರೆ ನಾನು ಸ್ನಾನ ಮುಗಿಸಿರಬೇಕು. ಆ ಸಂಸ್ಕೃತ ನಮಗೆ ಒಂದಕ್ಷರ ತಿಳಿಯುತ್ತಿರಲಿಲ್ಲ. ಆದರೂ ಊರಿನ ಅರ್ಧ ಹುಡುಗರಿಗೆ "ಇಯಂ ಆಕಾಶವಾಣೀ" ಬಾಯಿಪಾಠ.

ಅಜ್ಜ ಊರ ನಾಟಕಗಳಿಗೆ ಪೇಟಿ ನುಡಿಸುತ್ತಿದ್ದ. ಹಾರ್ಮೋನಿಯಂಗೆ ನಮ್ಮ ಕಡೆ ಪೇಟಿ ಅಂತಾರೆ, ನಿಮಗೆ ಹೇಳಬೇಕಾಗಿಲ್ಲ. ರೇಡಿಯೋ ಮೇಲೆ ಅವನಿಗೆ ಎಷ್ಟು ಪ್ರೀತಿಯೋ ಅಷ್ಟೇ ಸಿಟ್ಟು. "ನಮ್ಮ ಪೇಟಿನ ಇವ್ರು ಒಳಗ ಬಿಟ್ಟಿದ್ದಿಲ್ಲಲೇ" ಅನ್ನುತ್ತಿದ್ದ. ಮುದುಕ ಸುಮ್ನೆ ಬೈತಾನೆ ಅಂದುಕೊಂಡಿದ್ದೆ. ಆಮೇಲೆ ಗೊತ್ತಾಯಿತು, ನಿಜವೇ. 1940ರಲ್ಲಿ ಹಾರ್ಮೋನಿಯಂ ನಮ್ಮ ಸಂಗೀತಕ್ಕೆ ಸರಿಹೊಂದುವುದಿಲ್ಲ, ಶ್ರುತಿಯ ಸೂಕ್ಷ್ಮ ಅದರಲ್ಲಿ ಬರುವುದಿಲ್ಲ ಅಂತ ಹೊರಗಿಟ್ಟಿದ್ದರು. 1971ರವರೆಗೆ ಹೊರಗೇ ಇತ್ತು. ಮೂವತ್ತೊಂದು ವರ್ಷ! ಇದನ್ನು ನೆನಪಿಟ್ಟುಕೊಳ್ಳಿ, ಮತ್ತೆ ಬರುತ್ತೇನೆ.

ಗಂಗಾವತಿಯಲ್ಲಿ ಡಿಗ್ರಿ ಮುಗಿಸಿದ ವರ್ಷ ಒಂದು ನಿಲಯದವರು ನೈಮಿತ್ತಿಕ ಉದ್ಘೋಷಕರು, ಅಂದರೆ ಬೇಕಾದಾಗ ಮಾತ್ರ ಡ್ಯೂಟಿಗೆ ಕರೆಯುವವರು, ಬೇಕು ಅಂತ ಅರ್ಜಿ ಕರೆದರು. ನಿಲಯದ ಹೆಸರು ಬೇಡ, ತಪ್ಪು ನನ್ನದೇ. ಬರಹ ಪರೀಕ್ಷೆ ಸಲೀಸಾಗಿ ಆಯಿತು. ಧ್ವನಿ ಪರೀಕ್ಷೆಗೆ ಒಂದು ತಿಂಗಳು ಟೈಂ ಇತ್ತು. ಗೆಳೆಯನೊಬ್ಬ ಹೇಳಿದ, "ಮಹಾಪ್ರಾಣ ಇಲ್ದಿದ್ರ ಗೇಟಿನ್ಯಾಗ ವಾಪಸ್ ಕಳಿಸ್ತಾರ." ಅಷ್ಟೇ ಸಾಕಾಯಿತು.

ಮೇಣದ ಬತ್ತಿ ಹಚ್ಚಿಟ್ಟುಕೊಂಡು ಕೂತೆ. ಇದು ಹಳೆಯ ಉಪಾಯ. ಬಾಯಿಗೆ ಒಂದು ಗೇಣು ದೂರದಲ್ಲಿ ಬತ್ತಿ. "ಬ" ಅಂದರೆ ಜ್ವಾಲೆ ಅಲುಗಬಾರದು, "ಭ" ಅಂದರೆ ಅಲುಗಬೇಕು. ಮಹಾಪ್ರಾಣ ಅಂದರೆ ಅಷ್ಟೇ, ಜಾಸ್ತಿ ಉಸಿರು. ನಾನು ಅಲುಗಿಸುವುದನ್ನು ಮಾತ್ರ ಅಭ್ಯಾಸ ಮಾಡಿದೆ. ತಿಂಗಳ ಕೊನೆಗೆ ನಾನು ಏನಂದರೂ ಬತ್ತಿ ಆರುತ್ತಿತ್ತು. ಅಜ್ಜ ಕಟ್ಟೆ ಮೇಲಿಂದ ಕೂಗುತ್ತಿದ್ದ, "ಏ, ಒಲಿ ಊದಾಕತ್ತೀಯೇನು?"

ಪರೀಕ್ಷೆ ದಿನ. ಉಗ್ರಾಣದ ಬಾಗಿಲಿನಷ್ಟು ದಪ್ಪ ಬಾಗಿಲು. ಒಳಗೆ ನಮ್ಮ ಉಸಿರೇ ನಮಗೆ ಕೇಳುವಷ್ಟು ಮೌನ. ಗಾಜಿನ ಆಚೆ ಮೂರು ಜನ. ಕೆಂಪು ದೀಪ ಹತ್ತಿತು. ಕೈಯಲ್ಲಿ ಕೊಟ್ಟದ್ದು ಕೃಷಿ ಕಾರ್ಯಕ್ರಮದ ಒಂದು ಹಾಳೆ. ಅದರಲ್ಲಿ ಇದ್ದದ್ದು ಇಷ್ಟು: "ದನಕರುಗಳಲ್ಲಿ ಕಾಲುಬಾಯಿ ಬೇನೆ ಕಂಡುಬಂದರೆ, ಬೇನೆ ಬಂದ ದನವನ್ನು ತಕ್ಷಣ ಬೇರೆ ಕಡೆ ಕಟ್ಟಬೇಕು."

ನಾನು ಓದಿದ್ದು: "ಧನಕರುಗಳಲ್ಲಿ ಖಾಲುಬಾಯಿ ಭೇನೆ ಖಂಡುಬಂಧರೆ..."

ಗಾಜಿನ ಆಚೆ ಒಬ್ಬರು ಹೆಡ್‌ಫೋನ್ ತೆಗೆದು ಕಿವಿ ಉಜ್ಜಿಕೊಂಡರು. ಇನ್ನೊಬ್ಬರು ಸ್ಪೀಕರಿನಲ್ಲಿ ಕೇಳಿದರು: "ಯಾವ ಬ್ಯಾಂಕಿನ ಧನಕ್ಕೆ ರೋಗ ಬಂದಿದೆ?"

ನನಗೆ ಜೋಕು ಅರ್ಥ ಆಗಲಿಲ್ಲ. ಎರಡನೇ ಸಲ ಇನ್ನೂ ಒತ್ತಿ ಓದಿದೆ.

ಈ ತಪ್ಪನ್ನು ಸ್ವಲ್ಪ ಬಿಡಿಸಿ ಹೇಳಬೇಕು. ನೀವು ಮಾಡಲು ಹೊರಟಿರುವುದೂ ಇದನ್ನೇ. ದನ ಅಂದರೆ ಆಕಳು, ಎತ್ತು. ಧನ ಅಂದರೆ ದುಡ್ಡು. ಹುಟ್ಟಿದಾಗಿನಿಂದ ದನದ ಕೊಟ್ಟಿಗೆ ಪಕ್ಕದಲ್ಲೇ ಮಲಗಿದವನು ನಾನು. ಆ ಪದವನ್ನು ನನಗಿಂತ ಚೆನ್ನಾಗಿ ಅನ್ನುವವರು ಆ ಕಟ್ಟಡದಲ್ಲಿ ಯಾರೂ ಇರಲಿಲ್ಲ. ಆದರೆ ನನ್ನ ಬಾಯಿಗೆ ಸಲೀಸಾಗಿ ಬಂದದ್ದೆಲ್ಲ ತಪ್ಪೇ ಇರಬೇಕು ಅಂತ ನಂಬಿಕೊಂಡಿದ್ದೆ. ಹಾಗಾಗಿ ಸರಿಯಿದ್ದ ಪದವನ್ನೇ "ತಿದ್ದಿದೆ". ಮಹಾಪ್ರಾಣ ಬಿಟ್ಟರೆ ಕೇಳುವವರು ಈ ಹುಡುಗ ಹಳ್ಳಿಯವನು ಅಂತಾರೆ, ಅರ್ಥ ಹೇಗೋ ಮುಟ್ಟುತ್ತದೆ. ಇಲ್ಲದ ಕಡೆ ಹಾಕಿದರೆ ಅರ್ಥವೇ ಕೆಡುತ್ತದೆ. ಎರಡರಲ್ಲಿ ಯಾವುದು ದೊಡ್ಡ ತಪ್ಪು?

ಇದರ ಜೊತೆ ಮೈಕಿನ ಲೆಕ್ಕ ಬೇರೆ. ಮೈಕಿಗೆ ಅಕ್ಷರ ಗೊತ್ತಿಲ್ಲ, ಗಾಳಿ ಗೊತ್ತು. ಬಾಯಿಂದ ಉಸಿರು ಬಡಿದರೆ ಅದಕ್ಕೆ "ಢಬ್" ಅಂತ ಕೇಳುತ್ತದೆ. ಬತ್ತಿ ಆರಿಸುವ ಅಭ್ಯಾಸ ಮಾಡಿ ಹೋದವನು ಪ್ರತಿ ಪದಕ್ಕೂ ಮೈಕಿಗೆ ಗುದ್ದುತ್ತಿದ್ದೆ. ಅವರು ಕಿವಿ ಉಜ್ಜಿಕೊಂಡದ್ದು ಅದಕ್ಕೇ. ಮಹಾಪ್ರಾಣವನ್ನು ಮೈಕಿನ ಮುಂದೆ ಹಗುರವಾಗಿ ಮುಟ್ಟಿ ಬಿಡಬೇಕು. ಮುಖವನ್ನು ಕೂದಲೆಳೆಯಷ್ಟು ಪಕ್ಕಕ್ಕೆ ಇಟ್ಟುಕೊಂಡರೂ ಸಾಕು. ಇಷ್ಟು ಹೇಳಲಿಕ್ಕೆ ಯಾವ ಕೋರ್ಸೂ ಬೇಕಾಗಿಲ್ಲ.

ಮುಂದಿನ ಸಲ ಅರ್ಜಿ ಕರೆದದ್ದು 2001ರಲ್ಲಿ. ಅಜ್ಜ ತೀರಿಕೊಂಡದ್ದು 1999ರಲ್ಲಿ. ಒಂದು ಅಕ್ಷರಕ್ಕೆ ನಾನು ಕೊಟ್ಟ ಬೆಲೆ ಅದು.

ಈಗ ಪೇಟಿಗೆ ಬರುತ್ತೇನೆ. ನನ್ನ ತಪ್ಪನ್ನೇ ಆಕಾಶವಾಣಿ ನನಗಿಂತ ದೊಡ್ಡದಾಗಿ ಮಾಡಿತ್ತು. ಮೊದಲು ಪೇಟಿ. ಆಮೇಲೆ 1952ರಲ್ಲಿ ಬಿ.ವಿ. ಕೇಸ್ಕರ್ ವಾರ್ತಾ ಮತ್ತು ಪ್ರಸಾರ ಮಂತ್ರಿ ಆದರು. ಸಿನಿಮಾ ಹಾಡು ಕೇಳಿದರೆ ಜನರ ರುಚಿ ಕೆಡುತ್ತದೆ ಅಂತ ಅವನ್ನೂ ಹೊರಗಿಟ್ಟರು. ಜನ ಶಾಸ್ತ್ರೀಯ ಸಂಗೀತ ಕೇಳುತ್ತಾ ಕೂತರಾ? ಮುಳ್ಳು ತಿರುಗಿಸಿ ರೇಡಿಯೋ ಸಿಲೋನ್ ಹಾಕಿಕೊಂಡರು. ನಮ್ಮ ಸಿನಿಮಾ ಹಾಡನ್ನು ಕೇಳಲು ಲಂಕೆಗೆ ಹೋಗುವ ಪರಿಸ್ಥಿತಿ! ಕೊನೆಗೆ 1957ರ ಅಕ್ಟೋಬರ್ 3ರಂದು ವಿವಿಧ ಭಾರತಿ ಶುರು ಮಾಡಬೇಕಾಯಿತು. ಶುದ್ಧ ಮಾಡಲು ಹೋಗಿ ಕೇಳುಗರನ್ನೇ ಕಳೆದುಕೊಂಡರು. ನಾನು ದನ ಕಳೆದುಕೊಂಡೆ.

ಇನ್ನು "ನಮ್ಮ ಕಡೆ ಭಾಷೆಗೆ ಆಕಾಶವಾಣಿಯಲ್ಲಿ ಜಾಗ ಇಲ್ಲ" ಅಂದಿದ್ದೀರಲ್ಲ, ಆ ಮಾತನ್ನು ನಾನು ಒಪ್ಪುವುದೇ ಇಲ್ಲ. ಧಾರವಾಡ ನಿಲಯ ಶುರುವಾದದ್ದು 1950ರಲ್ಲಿ. ಬೆಂಗಳೂರು ನಿಲಯ ಬಂದದ್ದು 1955ರಲ್ಲಿ. ಯಾರು ಮೊದಲು? ಆ ಧಾರವಾಡ ನಿಲಯಕ್ಕೆ ಬೇಂದ್ರೆ ಸಲಹೆಗಾರರಾಗಿದ್ದರು. ಬೇಂದ್ರೆಯವರ ಕನ್ನಡ ಯಾವ ಊರಿನದು? ನಮ್ಮ ಭಾಗಕ್ಕೆ ಹತ್ತಿರದ ಕಲಬುರಗಿಗೆ 1966ರಲ್ಲಿ ನಿಲಯ ಬಂತು. ಆಕಾಶವಾಣಿಯೇ ಹೇಳಿಕೊಳ್ಳುವ ಲೆಕ್ಕದಲ್ಲಿ 23 ಭಾಷೆ, 179 ಉಪಭಾಷೆಗಳಲ್ಲಿ ಪ್ರಸಾರ ಇದೆ. ಅಷ್ಟೇ ಯಾಕೆ, ಆಕಾಶವಾಣಿ ಅನ್ನುವ ಹೆಸರೇ ಮನೆಯಲ್ಲಿ ಹುಟ್ಟಿದ್ದು. 1935ರಲ್ಲಿ ಮೈಸೂರಿನಲ್ಲಿ ಎಂ.ವಿ. ಗೋಪಾಲಸ್ವಾಮಿ ಅನ್ನುವ ಮನಶ್ಶಾಸ್ತ್ರದ ಮೇಷ್ಟ್ರು ತಮ್ಮ ಮನೆಯಲ್ಲೇ ಸಣ್ಣ ಟ್ರಾನ್ಸ್‌ಮಿಟರ್ ಇಟ್ಟುಕೊಂಡು ಪ್ರಸಾರ ಶುರು ಮಾಡಿದರು. ದೆಹಲಿಯ ಸಂಸ್ಥೆಗೆ "ಆಲ್ ಇಂಡಿಯಾ ರೇಡಿಯೋ" ಅಂತ ಹೆಸರು ಬಂದದ್ದೇ ಅದರ ಮರುವರ್ಷ, 1936ರಲ್ಲಿ. ಮೇಷ್ಟ್ರು ಯಾವ ಉಚ್ಚಾರಣೆ ಕೋರ್ಸಿಗೂ ಹೋಗಿರಲಿಲ್ಲ.

ಹಾಗಂತ ವಾರ್ತೆಯನ್ನು "ಬಂದೈತಿ, ಹೋಗೈತಿ" ಅಂತ ಓದಲು ಬಿಡುತ್ತಾರೆ ಅಂದುಕೊಳ್ಳಬೇಡಿ. ಬಿಡುವುದಿಲ್ಲ, ಬಿಡಲೂಬಾರದು. ವಾರ್ತೆಗೆ, ಪ್ರಕಟಣೆಗೆ ಎಲ್ಲರಿಗೂ ತಿಳಿಯುವ ಬರಹದ ಕನ್ನಡವೇ ಬೇಕು. ರೈತರ ಜೊತೆ ಮಾತುಕತೆ, ನಾಟಕ, ರೂಪಕ ಬಂದಾಗ ನಿಮ್ಮ ಊರ ಮಾತು ಕೈಹಿಡಿಯುತ್ತದೆ. ಸಿಂಧನೂರಿನ ಭತ್ತದ ರೈತ ಪ್ರಯೋಗಾಲಯದ ಕನ್ನಡ ಕೇಳಿದರೆ ಬಾಯಿ ಮುಚ್ಚಿ ಕೂರುತ್ತಾನೆ. "ಗದ್ಯಾಗ ನೀರು ಎಷ್ಟು ದಿನ ನಿಂತಿತ್ತು ಕಾಕಾ?" ಅಂದರೆ ಅವನನ್ನು ನಿಲ್ಲಿಸುವುದೇ ಕಷ್ಟ.

2001ರಲ್ಲಿ ನಾನು ಬತ್ತಿ ಹಚ್ಚಲಿಲ್ಲ. ಅವ್ವ ಅಕ್ಕಿ ಹಸನು ಮಾಡುತ್ತಾ ಕೂತಾಗ ಎದುರಿಗೆ ಕೂತು ದಿನಪತ್ರಿಕೆ ಓದುತ್ತಿದ್ದೆ. ಅವಳು ಶಾಲೆಗೆ ಹೋದವಳಲ್ಲ. ಒಂದು ಷರತ್ತು ಇಟ್ಟಿದ್ದೆ: ಸರಿಯಾಗಿ ಕೇಳಿಸದಿದ್ದರೆ "ಏನಂದಿ?" ಅನ್ನಬೇಕು. ಅವಳು ಅಂದ ಕಡೆ ಪೆನ್ಸಿಲಿನಲ್ಲಿ ಗೀಟು ಹಾಕುತ್ತಿದ್ದೆ. ತಿಂಗಳಾದ ಮೇಲೆ ಆ ಗೀಟುಗಳನ್ನು ನೋಡಿ ಬೆಪ್ಪಾದೆ. ಮಹಾಪ್ರಾಣ ಇರುವ ಕಡೆ ಒಂದೂ ಗೀಟಿಲ್ಲ. ಎಲ್ಲ ವಾಕ್ಯದ ಕೊನೆಯಲ್ಲಿ. "ನಿರ್ಧರಿಸಲಾಗಿದೆ", "ತಿಳಿಸಿದ್ದಾರೆ" ಬರುವ ಹೊತ್ತಿಗೆ ನನ್ನ ಉಸಿರು ಮುಗಿದಿರುತ್ತಿತ್ತು. ಕ್ರಿಯಾಪದವನ್ನು ನುಂಗುತ್ತಿದ್ದೆ. ಅಂದರೆ ಮಂತ್ರಿ ಹೌದು ಅಂದರೋ ಇಲ್ಲ ಅಂದರೋ ಅವ್ವನಿಗೆ ತಿಳಿಯುತ್ತಿರಲಿಲ್ಲ. ಐದು ವರ್ಷ ನಾನು ಇಲ್ಲದ ಕಾಯಿಲೆಗೆ ಔಷಧಿ ತಗೊಂಡಿದ್ದೆ. ಆಮೇಲೆ ಉದ್ದ ವಾಕ್ಯ ಕಂಡರೆ ನಡುವೆ ಎಲ್ಲಿ ಉಸಿರು ತಗೊಳ್ಳಬೇಕು ಅಂತ ಮೊದಲೇ ಗುರುತು ಮಾಡಿಕೊಂಡೆ. ಪಾಸಾದೆ.

ಆಮೇಲೆ ವಾಣಿ ಅಂತ ಒಂದು ತರಬೇತಿ ಕೊಟ್ಟು ಸರ್ಟಿಫಿಕೇಟ್ ಕೊಡುತ್ತಾರೆ. ಕಲಿಯಬೇಕಾದ್ದು ಅಲ್ಲೇ ಇದೆ. ಯಾವುದಾದ ಮೇಲೆ ಯಾವುದು ಅಂತ ಬರೆದ ಕ್ಯೂ ಶೀಟ್ ನೋಡುವುದು, ಸದ್ದು ಹೆಚ್ಚು ಕಡಿಮೆ ಮಾಡುವ ಫೇಡರ್ ಏರಿಸಿ ಇಳಿಸುವುದು, ಕಾರ್ಯಕ್ರಮ ಎರಡು ನಿಮಿಷ ಮೊದಲೇ ಮುಗಿದರೆ ಖಾಲಿ ಹೊತ್ತು ತುಂಬಲು ಫಿಲ್ಲರ್ ಹಾಕುವುದು, ಹಾಳೆ ಸದ್ದಾಗದಂತೆ ಸರಿಸುವುದು. ನನ್ನ ಮೊದಲ ಬೆಳಗಿನ ಡ್ಯೂಟಿಗೆ ಹಿಂದಿನ ರಾತ್ರಿಯೇ ಬಂದು ಬಸ್ ಸ್ಟ್ಯಾಂಡಿನ ಕಲ್ಲು ಬೆಂಚಿನ ಮೇಲೆ ಮಲಗಿದ್ದೆ. ಪ್ರಸಾರ 5:55ಕ್ಕೆ ಶುರು, ನಮ್ಮೂರಿಂದ ಆ ಹೊತ್ತಿಗೆ ಬಸ್ಸೇ ಇಲ್ಲ. ಸಂಕೇತ ರಾಗ ಹಾಕಿದೆ. ಗೊತ್ತಲ್ಲ, ಆ ಪಿಟೀಲು, ತಂಬೂರಿ. ಪ್ರಾಗ್‌ನಿಂದ ಮುಂಬೈಗೆ ಬಂದು ನೆಲೆಸಿದ್ದ ವಾಲ್ಟರ್ ಕೌಫ್‌ಮನ್ ಅನ್ನುವವರು ಮಾಡಿದ್ದು. ನಮ್ಮ ಅಜ್ಜ ಸಾಯುವವರೆಗೂ ಅದು ಯಾವುದೋ ದೇವಸ್ಥಾನದ ಸಂಗೀತ ಅಂತಲೇ ನಂಬಿದ್ದ. ಆಮೇಲೆ ವಂದೇ ಮಾತರಂ. ಆಮೇಲೆ ನಾನು. ಮನೆಗೆ ಹೋಗಿ "ಕೇಳಿದೇನವ್ವಾ?" ಅಂದರೆ, "ಎಮ್ಮಿ ಒದೀತೋ ಯಪ್ಪಾ, ಅದರ ಹಿಂದ ಇದ್ದೆ" ಅಂದಳು.

ಒಂದು ವಿಷಯ ಯಾರೂ ನಿಮಗೆ ಹೇಳಿಲ್ಲ ಅಂತ ಕಾಣುತ್ತದೆ. ನೈಮಿತ್ತಿಕ ಉದ್ಘೋಷಕ ಅಂದರೆ ನೌಕರಿ ಅಲ್ಲ. ನಮಗೆ ತಿಂಗಳಿಗೆ ಆರು ಡ್ಯೂಟಿಗಿಂತ ಜಾಸ್ತಿ ಸಿಗುತ್ತಿರಲಿಲ್ಲ. ಪಿಂಚಣಿ, ರಜೆ ಏನೂ ಇಲ್ಲ. ನಾನು ಏಳು ವರ್ಷ ಮಾಡಿದೆ, ಹೊಟ್ಟೆ ಹೊರೆದದ್ದು ಮಾತ್ರ ಕಾರಟಗಿಯ ಗೊಬ್ಬರದ ಅಂಗಡಿ. ಕೋರಿಕೆ ಕಾರ್ಯಕ್ರಮಕ್ಕೆ ಬರುತ್ತಿದ್ದ ಕಾರ್ಡುಗಳಿಗಾಗಿ ಅಷ್ಟು ದಿನ ಹೋದೆ ಅನ್ನಬಹುದು. ಒಂದೇ ಕಾರ್ಡಿನಲ್ಲಿ ಹದಿನಾಲ್ಕು ಹೆಸರು, ಇರುವೆ ಸಾಲಿನಂತೆ, ವಿಳಾಸದ ಜಾಗದಲ್ಲೂ ಹೆಸರು. ಹೆಸರು ಬಿಟ್ಟರೆ ಮುಂದಿನ ವಾರ ಬೈಗುಳದ ಕಾರ್ಡು ಗ್ಯಾರಂಟಿ. ಇಂಥ ಕೆಲಸ ಬೇಕು ಅನಿಸಿದರೆ ಅರ್ಜಿ ಹಾಕಿ. ಸಂಬಳ ಬೇಕಿದ್ದರೆ ಬೇರೆ ನೋಡಿ.

ರೇಡಿಯೋ ಯಾರು ಕೇಳ್ತಾರೆ ಅಂತಲೂ ಕೊನೆಗೆ ಕೇಳಿದ್ದೀರಿ. ನನ್ನ ಅಂಗಡಿಯಲ್ಲಿ ಬೆಳಗಿನಿಂದ ಹೊಸಪೇಟೆ ನಿಲಯದ ಎಫ್‌ಎಂ 100.5 ಹಾಡುತ್ತಲೇ ಇರುತ್ತದೆ. ಸಿಗ್ನಲ್ ಕೈಕೊಟ್ಟರೆ ಮೊಬೈಲಿನಲ್ಲಿ ನ್ಯೂಸ್ಆನ್‌ಏರ್ ಆ್ಯಪ್ ಇದೆ, ಧಾರವಾಡವೂ ಸಿಗುತ್ತದೆ. ನೀವು ಸೇರಬೇಕು ಅಂದುಕೊಂಡ ನಿಲಯವನ್ನು ಮೊದಲು ಹದಿನೈದು ದಿನ ಕೇಳಿ. ಉದ್ಘೋಷಕರನ್ನು ಕೇಳಿ, ವಾರ್ತೆ ಓದುವವರನ್ನಲ್ಲ. ಎರಡೂ ಬೇರೆ ಕೆಲಸ.

ಮನೆಯಲ್ಲಿ ನೀವು ಓದಿದ್ದನ್ನು ಕೇಳಲು ಯಾರೂ ಸಿಗದಿದ್ದರೆ ಕಾರಟಗಿಗೆ ಬನ್ನಿ. ಅವ್ವ ಗಟ್ಟಿಯಾಗಿದ್ದಾಳೆ. ಈಗ ಕಿವಿ ಸ್ವಲ್ಪ ಮಂದ, ಹಾಗಾಗಿ "ಏನಂದಿ?" ಅನ್ನುವುದು ಮೊದಲಿಗಿಂತ ಜಾಸ್ತಿ. ಪೆನ್ಸಿಲ್ ನೀವೇ ತನ್ನಿ.