ಓದುಗರ ಪ್ರಶ್ನೆ: ಝೆಡ್‌ಎಫ್‌ಎಸ್ ಪೂಲ್ ತೆರೆಯದಿದ್ದರೆ

ಪ್ರಶ್ನೆ: ಹೊಸ ಸರ್ವರ್‌ನ ಡಿಸ್ಕ್‌ಗಳನ್ನು ಝೆಡ್‌ಎಫ್‌ಎಸ್ (ಹಲವು ಡಿಸ್ಕ್‌ಗಳನ್ನು ‘ಪೂಲ್’ ಎಂಬ ಒಂದೇ ಸಂಗ್ರಹವಾಗಿ ನಡೆಸುವ ಫೈಲ್ ಸಿಸ್ಟಂ) 0.8 ಇರುವ ಹಳೆಯ ಲಿನಕ್ಸ್ ಯಂತ್ರಕ್ಕೆ ಹಾಕಿದೆ. ಪೂಲನ್ನು ಇಂಪೋರ್ಟ್ ಮಾಡಲು (ತೆರೆಯಲು) ಹೋದರೆ ‘ಈ ಸಿಸ್ಟಂನಲ್ಲಿ ಬೆಂಬಲವಿಲ್ಲದ ಫೀಚರ್’ ಎಂದು ಝೆಡ್‌ಎಸ್‌ಟಿಡಿ ಹೆಸರು ತೋರಿಸುತ್ತದೆ. ‘-ಎಫ್’ ಕೊಟ್ಟರೂ ಜಗ್ಗುತ್ತಿಲ್ಲ. ಡೇಟಾ ಹೋಯಿತೇ?

ಉತ್ತರ: ಇಲ್ಲ, ಈ ಸಂದೇಶಕ್ಕೂ ಡೇಟಾ ಕೆಡುವುದಕ್ಕೂ ಸಂಬಂಧವಿಲ್ಲ. ಝೆಡ್‌ಎಸ್‌ಟಿಡಿ ಕಂಪ್ರೆಷನ್ (ಡೇಟಾ ಕುಗ್ಗಿಸಿಡುವ ವಿಧಾನ) ಬಂದದ್ದು 2.0 ಆವೃತ್ತಿಯಲ್ಲಿ, ಹಾಗಾಗಿ ನಿಮ್ಮ 0.8ಕ್ಕೆ ಅದು ತಿಳಿಯದು. ಬೇರೆ ಯಂತ್ರ ಬಳಸುತ್ತಿರುವಂತೆ ಕಾಣುವ ಪೂಲನ್ನು ತೆರೆಯಲಷ್ಟೇ ‘-ಎಫ್’ ನೆರವಾಗುತ್ತದೆ. ಇಲ್ಲದ ಕೋಡನ್ನು ಅದು ಎಲ್ಲಿಂದ ತಂದೀತು? ಕೆಲವು ಫೀಚರ್‌ಗಳಿದ್ದರೆ ‘-ಓ ರೀಡ್‌ಓನ್ಲಿ=ಆನ್’ ಎಂದು ಓದಲಿಕ್ಕಾದರೂ ತೆರೆಯಬಹುದು. ಝೆಡ್‌ಎಸ್‌ಟಿಡಿ ಆ ಗುಂಪಿನದಲ್ಲ.

ಡಿಸ್ಕ್‌ಗಳನ್ನು ಹೊಸ ಯಂತ್ರಕ್ಕೇ ಮರಳಿಸಿ, ‘ಝೆಡ್‌ಪೂಲ್ ಗೆಟ್ ಆಲ್’ ಕೊಟ್ಟು ನೋಡಿ. ಫೀಚರ್ ‘ಎನೇಬಲ್ಡ್’ (ಬಳಸಲು ಅನುಮತಿ ಇದೆ) ಎಂದಷ್ಟೇ ಇದ್ದರೆ ಅಡ್ಡಿಯಿಲ್ಲ, ‘ಆ್ಯಕ್ಟಿವ್’ (ಬಳಕೆಯಲ್ಲಿದೆ) ಆಗಿದ್ದರೆ ಮಾತ್ರ ತೊಡಕು. ಕಂಪ್ರೆಷನ್ನನ್ನು ಎಲ್‌ಝೆಡ್4 ಎಂಬ ಇನ್ನೊಂದು ವಿಧಾನಕ್ಕೆ ಬದಲಿಸಿದ ಮಾತ್ರಕ್ಕೆ ಫೀಚರ್ ‘ಎನೇಬಲ್ಡ್’ಗೆ ಮರಳುವುದಿಲ್ಲ: ಒಮ್ಮೆಯಾದರೂ ಝೆಡ್‌ಎಸ್‌ಟಿಡಿ ಹೊಂದಿಸಿದ್ದ ಪ್ರತಿ ಡೇಟಾಸೆಟ್ (ಪೂಲ್‌ನೊಳಗಿನ ಫೈಲ್ ಸಿಸ್ಟಂ) ಅಳಿಯಬೇಕು. ಅದಕ್ಕಿಂತ ಹಳೆಯ ಯಂತ್ರದಲ್ಲೇ ಬೇರೆ ಡಿಸ್ಕ್‌ಗಳಲ್ಲಿ ಪೂಲ್ ಕಟ್ಟಿ, ಸ್ನ್ಯಾಪ್‌ಶಾಟನ್ನು (ಡೇಟಾ ಒಂದು ಕ್ಷಣದಲ್ಲಿದ್ದ ಸ್ಥಿತಿಯ ಚಿತ್ರ) ‘ಝೆಡ್‌ಎಫ್‌ಎಸ್ ಸೆಂಡ್’ನಿಂದ ಕಳಿಸುವುದು ಸುಲಭ. ‘-ಸಿ’ ಅಥವಾ ‘-ಡಬ್ಲ್ಯೂ’ ಹಾಕಬೇಡಿ. ಹಾಕಿದರೆ ಬ್ಲಾಕ್‌ಗಳು ಝೆಡ್‌ಎಸ್‌ಟಿಡಿ ರೂಪದಲ್ಲೇ ಹೋಗುತ್ತವೆ.

ಪ್ರಶ್ನೆ: ‘ಝೆಡ್‌ಪೂಲ್ ಸ್ಟೇಟಸ್’ ಪ್ರತಿ ಸಲ ‘ಕೆಲವು ಫೀಚರ್‌ಗಳು ಎನೇಬಲ್ ಆಗಿಲ್ಲ’ ಎನ್ನುತ್ತದೆ. ಅಪ್‌ಗ್ರೇಡ್ ಮಾಡಲೇ?

ಉತ್ತರ: ಅದು ದೋಷವಲ್ಲ, ಬರೀ ಸೂಚನೆ. ಗ್ರಬ್ (ಯಂತ್ರ ಶುರುವಾಗುವಾಗ ಸಿಸ್ಟಂ ಎಬ್ಬಿಸುವ ಪ್ರೋಗ್ರಾಂ) ಮೂಲಕ ಬೂಟ್ ಆಗುವ ಪೂಲ್ ಆಗಿದ್ದರೆ ಮುಟ್ಟಲೇಬೇಡಿ. ಗ್ರಬ್‌ಗೆ ಎಲ್ಲ ಫೀಚರ್‌ಗಳೂ ತಿಳಿಯವು, ಅಪ್‌ಗ್ರೇಡ್ ಆದದ್ದನ್ನು ಇಳಿಸುವ ಕಮಾಂಡ್ ಇಲ್ಲ. 2.1 ಅಥವಾ ನಂತರದ ಆವೃತ್ತಿಯಾದರೆ ‘ಕಂಪ್ಯಾಟಿಬಿಲಿಟಿ=ಗ್ರಬ್2’ ಹೊಂದಿಸಿಡಿ.

ಪ್ರಶ್ನೆ: ಆರು ಡಿಸ್ಕ್‌ಗಳ ರೇಡ್‌ಝೆಡ್2ಗೆ (ಎರಡು ಡಿಸ್ಕ್ ಕೆಟ್ಟರೂ ಡೇಟಾ ಉಳಿಸುವ ಡಿಸ್ಕ್ ಗುಂಪು) ‘ಝೆಡ್‌ಪೂಲ್ ಆ್ಯಡ್’ನಿಂದ ಇನ್ನೊಂದು ಡಿಸ್ಕ್ ಸೇರಿಸುವಾಗ ‘ರೆಪ್ಲಿಕೇಶನ್ ಮಟ್ಟ ಹೊಂದುತ್ತಿಲ್ಲ’ ಎಂದಿತು. ‘-ಎಫ್’ ಕೊಟ್ಟೆ, ಸೇರಿತು. ಈಗ ತೆಗೆಯಲಾಗುತ್ತಿಲ್ಲ.

ಉತ್ತರ: ಪೂಲ್‌ನಲ್ಲಿ ರೇಡ್‌ಝೆಡ್ ಇದ್ದರೆ ‘ಝೆಡ್‌ಪೂಲ್ ರಿಮೂವ್’ ಇಂಥ ಡಿಸ್ಕನ್ನು ಬಿಡಿಸಿಕೊಡದು. ಅದು ರೇಡ್‌ಝೆಡ್2 ಗುಂಪಿನೊಳಗೆ ಸೇರದೆ ಪಕ್ಕದಲ್ಲಿ ಒಂಟಿಯಾಗಿ ನಿಂತಿದೆ. ಆ ಒಂಟಿ ಡಿಸ್ಕ್ ಸತ್ತರೆ ಇಡೀ ಪೂಲ್ ಹೋಗುತ್ತದೆ, ಹಾಗಾಗಿ ಮೊದಲು ಬ್ಯಾಕಪ್. ಬಳಿಕ ‘ಝೆಡ್‌ಪೂಲ್ ಅಟ್ಯಾಚ್’ನಿಂದ ಅದಕ್ಕೆ ಅಷ್ಟೇ ಗಾತ್ರದ ಎರಡು ಡಿಸ್ಕ್ ಜೋಡಿಸಿ ಮೂರರ ಮಿರರ್ (ಮೂರರಲ್ಲೂ ಒಂದೇ ಡೇಟಾ) ಮಾಡಿ, ಆಗ ರೇಡ್‌ಝೆಡ್2ರಂತೆ ಎರಡು ಡಿಸ್ಕ್ ಕೆಟ್ಟರೂ ತಾಳುತ್ತದೆ. ಇದು ಬೇಡವೆಂದರೆ ಪೂಲನ್ನು ಹೊಸದಾಗಿ ಕಟ್ಟುವುದೇ ದಾರಿ. ರೇಡ್‌ಝೆಡ್ ಗುಂಪನ್ನೇ ಒಂದೊಂದು ಡಿಸ್ಕ್‌ನಿಂದ ಹಿಗ್ಗಿಸುವ ಸೌಲಭ್ಯ 2.3ರಲ್ಲಿದೆ, ಅದಕ್ಕೂ ಕಮಾಂಡ್ ‘ಅಟ್ಯಾಚ್’, ‘ಆ್ಯಡ್’ ಅಲ್ಲ. ಏನನ್ನೇ ಆ್ಯಡ್ ಮಾಡುವ ಮುನ್ನ ‘-ಎನ್’ ಹಾಕಿದರೆ ಪೂಲ್‌ನ ರಚನೆ ಹೇಗಾಗುತ್ತದೆಂದು ಏನನ್ನೂ ಬದಲಿಸದೆ ತೋರಿಸುತ್ತದೆ.